ಬಣ್ಣ ಕಳಚುವ ಪ್ರಸಂಗ

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಈಗೀಗ ಹೊಸ ಬಗೆಯ ಯಜಮಾನರು ಕಾಣಸಿಗುತ್ತಾರೆ. ನಿವೃತ್ತಿಯಾಗಿದೆ, ಮಕ್ಕಳು ದೂರದಲ್ಲಿದ್ದಾರೆ, ಕೈಯಲ್ಲೊಂದು ಸ್ಕ್ರೇಪರ್ ಇದೆ. ಅಪ್ಪ ಬಳಿಸಿದ ಸುಣ್ಣ, ಅಣ್ಣನ ಮದುವೆಗೆಂದು ಬಂದ ಗುಲಾಬಿ ಡಿಸ್ಟೆಂಪರ್, ಮಗಳ ಮದುವೆಯ ಕೆನೆಬಣ್ಣ ಎಲ್ಲವನ್ನೂ ಕೆರೆದು ಒಳಗಿನ ಇಟ್ಟಿಗೆ ನೋಡಿಯೇ ತೀರಬೇಕೆಂಬ ಹಠ ಅವರದು.

ಈ ಹಠದ ಹಿಂದೆ ಲಾರಿ ಬೇಕರ್ ನೆರಳೂ ಇದೆ. 1945ರಲ್ಲಿ ಭಾರತಕ್ಕೆ ಬಂದು, ಮುಂದೆ ತಿರುವನಂತಪುರದಲ್ಲಿ ನೆಲೆಸಿದ ಈ ಇಂಗ್ಲಿಷ್ ವಾಸ್ತುಶಿಲ್ಪಿ ಗಿಲಾವಿಲ್ಲದ ಇಟ್ಟಿಗೆ ಮನೆಗಳನ್ನು ಕಟ್ಟಿದ್ದು ದುಡ್ಡು ಉಳಿಸಲು. ಗಿಲಾವು ಬೇಡ, ಬಣ್ಣ ಬೇಡ, ಮತ್ತೆ ಮತ್ತೆ ಬಳಿಸುವ ತಾಪತ್ರಯವೂ ಬೇಡ. ಆ ಉಳಿತಾಯದ ಚೆಲುವನ್ನು ಈಗ ಸಾಲುಸಾಲು ಖರ್ಚು ಮಾಡಿ ಹೊರತೆಗೆಯಬೇಕಾಗಿದೆ.

ಮೊದಲ ಸಲಹೆ ಮೇಸ್ತ್ರಿಯದು. "ಎಂಥದ್ದೂ ಇಲ್ಲ ಸಾರ್, ಆಸಿಡ್ ಹಾಕಿ ಉಜ್ಜಿಬಿಟ್ರೆ ಆಯ್ತು." ಸುಣ್ಣವೇನೋ ಬುಸುಗುಟ್ಟುತ್ತ ಹೋಗುತ್ತದೆ. ಆದರೆ ಹಳೇ ಮನೆಯ ಇಟ್ಟಿಗೆಗಳನ್ನು ಹಿಡಿದಿರುವ ಗಾರೆಯೂ ಸುಣ್ಣದ್ದೇ. ಗೋಡೆಯ ಸುಣ್ಣ ಯಾವುದು, ಸಂದಿನ ಸುಣ್ಣ ಯಾವುದು ಎಂಬ ಭೇದ ಆಸಿಡ್‌ಗೆ ತಿಳಿಯದು. ಅದಕ್ಕೆ ಎರಡೂ ಊಟವೇ.

ಸಿಮೆಂಟ್ ಪೇಂಟ್ ಇನ್ನೊಂದು ತಲೆನೋವು. ಹೆಸರಿಗೆ ಬಣ್ಣ, ಕುಲದಲ್ಲಿ ಸಿಮೆಂಟ್. ಎನಾಮೆಲ್ ಕರಗಿಸುವ ರಿಮೂವರ್ ಅದರ ಮುಂದೆ ಕೈಕಟ್ಟಿ ನಿಲ್ಲುತ್ತದೆ.

ಆಗ ಪಕ್ಕದ ಮನೆಯ ಇಂಜಿನಿಯರ್ ಬಂದು ಮರಳು ಚಿಮ್ಮಿಸುವ ಯಂತ್ರದ ಹೆಸರೆತ್ತುತ್ತಾರೆ. ಇಟ್ಟಿಗೆಯ ಹೊರಮೈ ಬ್ರೆಡ್ಡಿನ ಸಿಪ್ಪೆಯಿದ್ದ ಹಾಗೆ: ಗೂಡಿನಲ್ಲಿ ಬೆಂದು ಗಟ್ಟಿಯಾಗಿರುತ್ತದೆ, ಒಳಗೆ ಮೆತ್ತಗೆ. ಮರಳು ಬಣ್ಣದ ಜೊತೆಗೆ ಆ ಸಿಪ್ಪೆಯನ್ನೂ ಕೀಳುತ್ತದೆ. ಆಮೇಲೆ ಮಳೆನೀರು ಹೀರಿ, ಪುಡಿ ಉದುರಿಸುತ್ತ ಕೂರುವುದೇ ಗೋಡೆಯ ಕಸುಬು. ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವೀಸ್ ಹಳೇ ಕಟ್ಟಡಗಳಿಗೆ ಈ ಚಿಕಿತ್ಸೆ ಕೂಡದೆಂದು 1979ರಲ್ಲೇ ಪುಸ್ತಿಕೆ ಹೊರಡಿಸಿತ್ತು. ಕಾರು ತೊಳೆಯುವ ಪ್ರೆಷರ್ ವಾಷರ್ ಕೂಡ ಸಾಧುವಲ್ಲ. ನೀರನ್ನು ಗೋಡೆಯೊಳಗೇ ತೂರಿಸುತ್ತದೆ, ಒಣಗಿದಾಗ ಬಿಳಿ ಉಪ್ಪು ಮೇಲೇಳುತ್ತದೆ. ಕೆರೆದದ್ದು ಕೆಂಪು ಕಾಣಲೆಂದು, ಕಂಡದ್ದು ಬಿಳಿ.

ಕೆರೆತದ ಹುಚ್ಚು ನಮ್ಮ ಯಜಮಾನರಿಗಷ್ಟೇ ಮೀಸಲಲ್ಲ. ವಾಷಿಂಗ್ಟನ್ನಿನ ಶ್ವೇತಭವನ ಮರಳುಗಲ್ಲಿನದು. 1980ರ ದಶಕದಲ್ಲಿ ಅದರ ಮೈಮೇಲಿನ ಬಣ್ಣದ ಹತ್ತಾರು ಪದರಗಳನ್ನು ಬಿಚ್ಚಿದಾಗ, 1814ರಲ್ಲಿ ಬ್ರಿಟಿಷರು ಹಚ್ಚಿದ ಬೆಂಕಿಯ ಮಸಿ ಸಿಕ್ಕಿತು. ಒಂದಿಷ್ಟು ಮಸಿಯನ್ನು ನೆನಪಿಗೆಂದು ಬಿಟ್ಟು, ಉಳಿದದ್ದಕ್ಕೆ ಮತ್ತೆ ಬಿಳಿ ಬಳಿದರು!

ನಿಜಕ್ಕೂ ನಡೆಯುವ ಉಪಾಯಕ್ಕೆ ಗದ್ದಲವೇ ಇಲ್ಲ. ರಿಮೂವರ್ ಲೇಪವನ್ನು ದಪ್ಪಗೆ ಮೆತ್ತಿ, ಮೇಲೆ ಹಾಳೆ ಮುಚ್ಚಿ, ರಾತ್ರಿಯಿಡೀ ಬಿಟ್ಟರೆ, ಬೆಳಿಗ್ಗೆ ಎಣ್ಣೆಬಣ್ಣ ಹಾಳೆಯ ಜೊತೆಗೇ ಕಳಚಿ ಬರುತ್ತದೆ. ಆದರೆ ಮೊದಲು ಮೂಲೆಯಲ್ಲಿ ಅಂಗೈಯಗಲ ಪರೀಕ್ಷೆ ಮಾಡಬೇಕು. ಯಜಮಾನರಿಗೆ ಕಷ್ಟವಾಗುವುದು ಇದೇ. ಅವರ ಪರೀಕ್ಷೆ ಹಾಲಿನ ನಟ್ಟನಡುವೆ, ಟೀವಿಯ ಮೇಲ್ಗಡೆಯೇ ಶುರು.

ತಮಾಷೆಗೆ ಹೊರತಾದ ಸಂಗತಿಯೂ ಒಂದಿದೆ. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಎನಾಮೆಲ್ ಅನ್ನು ಒಣಗಿದ್ದಂತೆಯೇ ಉಜ್ಜಿದರೆ ಸೀಸದ ಧೂಳು ಮೊಮ್ಮಗುವಿನ ಬಾಯಿ ಸೇರಬಹುದು. ಗೋಡೆಯನ್ನು ತೇವ ಮಾಡಿಕೊಳ್ಳಬೇಕು, ಒಳ್ಳೆಯ ಮಾಸ್ಕ್ ಬೇಕು, ಮಕ್ಕಳು ಬಸುರಿಯರು ಆ ಕಡೆ ಸುಳಿಯಬಾರದು.

ಇಷ್ಟೆಲ್ಲ ಮುಗಿದು, ಸಂದುಗಳಿಗೆ ಹೊಸದಾಗಿ ಸುಣ್ಣದ ಗಾರೆ ತುಂಬಿ, ಗೋಡೆ ಕೊನೆಗೂ ಕೆಂಪಗೆ ಮಿನುಗಿತೆನ್ನಿ. ಯಜಮಾನರು ದೀಪ ಹಾಕಿ, ನೆಂಟರನ್ನು ಊಟಕ್ಕೆ ಕರೆಯುತ್ತಾರೆ. ತುಮಕೂರಿನ ಸೋದರತ್ತೆ ಎಲೆಯ ಮುಂದೆ ಕೂತು, ಗೋಡೆಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ: "ದುಡ್ಡಿಗೆ ತೊಂದ್ರೆ ಆಯ್ತೇನಪ್ಪ? ಪ್ಲಾಸ್ಟರಿಂಗ್ ಯಾವಾಗ ಮಾಡಿಸ್ತೀಯ?"