ಸಪ್ತಾಪುರದ ಸ್ಪ್ಯಾನಿಷ್ ಮಾಸ್ತರು

ಮಾಸ್ತರು ದಿನಾ ಮೂರು ಬ್ಯಾಚಿಗೆ ಕನ್ನಡ ವ್ಯಾಕರಣ ಹೇಳುತ್ತಾರೆ. ಮನೆಯಲ್ಲಿ ಕನ್ನಡ ಆಡಿದವರಿಗೆ ದಂಡ ಹಾಕುತ್ತಾರೆ. ಧಾರವಾಡದ ಸಪ್ತಾಪುರದಲ್ಲಿ ಇದು ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಬೀದರದಿಂದ ಬಳ್ಳಾರಿವರೆಗಿನ ಹುಡುಗರು ಎಫ್‌ಡಿಎ, ಎಸ್‌ಡಿಎ, ಪಿಎಸ್ಐ ಎಂದು ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲು ಬಂದು ರೂಮು ಹಿಡಿಯುವ ಓಣಿಗಳಿವು. ಇಲ್ಲಿ ಕನ್ನಡ ಅಂದರೆ ಮಂದಿಯ ಮಕ್ಕಳು ಮಾರ್ಕ್ಸ್ ತಗೊಳ್ಳುವ ವಿಷಯ. ಸ್ವಂತ ಮಕ್ಕಳ ಮಾತು ಬೇರೆ.

ಮೊದಲು ಈ ಮನೆಯಲ್ಲೂ ಎಲ್ಲರ ಮನೆಯಂತೆ ಇಂಗ್ಲಿಷೇ ಇತ್ತು. ಆದರೆ ಕಾಯಿಪಲ್ಯೆ ಗಾಡಿಯವನೂ "ಫ್ರೆಶ್ ಐತ್ರಿ ಮೇಡಮ್, ಫಿಕ್ಸ್ ರೇಟ್" ಅನ್ನತೊಡಗಿದ ಮೇಲೆ ಮಾಸ್ತರಿಗೆ ಇಂಗ್ಲಿಷಿನ ಮೇಲೆ ಮನಸ್ಸು ಮುರಿಯಿತು. ಅದೇ ಹೊತ್ತಿಗೆ ಟೆಕ್ಸಾಸಿನಲ್ಲಿರುವ ತಂಗಿ ಫೋನಿನಲ್ಲಿ, ತನ್ನ ಮಗನ ಸಾಲಿಯಲ್ಲಿ ಅರ್ಧ ದಿನ ಬರೀ ಸ್ಪ್ಯಾನಿಷಿನಲ್ಲೇ ಪಾಠ ನಡೆಯುತ್ತದೆ ಅಂದಳು. ಇದಕ್ಕೆ ಇಮ್ಮರ್ಶನ್, ಅಂದರೆ ಭಾಷೆಯಲ್ಲಿ ಮುಳುಗಿಸುವುದು, ಅನ್ನುತ್ತಾರಂತೆ. ಮಾಸ್ತರು ಅಂದು ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಗಾಗುವುದರೊಳಗೆ ಮನೆಯ ಕುರ್ಚಿ, ಬಾಗಿಲು, ಫ್ರಿಜ್ಜು, ಎಲ್ಲದಕ್ಕೂ ಸ್ಪ್ಯಾನಿಷ್ ಹೆಸರಿನ ಚೀಟಿ ಅಂಟಿದ್ದವು.

ಇಸವಿ ಇಲ್ಲದ ಮಾತು ಅವರಿಗೆ ನಂಬಿಕೆ ಬರುವುದಿಲ್ಲ, ವೃತ್ತಿಯ ಗುಣ. "1965, ಕೆನಡಾದ ಕ್ವಿಬೆಕ್, ಸೇಂಟ್ ಲ್ಯಾಂಬರ್ಟ್. ಇಂಗ್ಲಿಷ್ ಮಂದಿ ತಮ್ಮ ಮಕ್ಕಳ್ನ ಸೀದಾ ಫ್ರೆಂಚ್ ಬಾಲವಾಡಿಗೆ ಹಾಕಿದ್ರು. ಬರಕೋರಿ" ಅಂದರು ನನಗೆ. ನಾನು ಬರೆದುಕೊಳ್ಳಲಿಲ್ಲ, ಅವರೇ ಇನ್ನೊಂದು ಹೇಳಿದರು. 1913ರಲ್ಲಿ ಜೂಲ್ ರೋಂಜಾ ಎಂಬ ಫ್ರೆಂಚ್ ವಿದ್ವಾಂಸ ತನ್ನ ಮಗ ಲೂಯಿ ಎರಡು ಭಾಷೆ ಕಲಿತದ್ದನ್ನು ಪುಸ್ತಕ ಮಾಡಿದ. ಅಪ್ಪ ಫ್ರೆಂಚಿನಲ್ಲೇ ಮಾತಾಡಬೇಕು, ಅವ್ವ ಜರ್ಮನ್ನಿನಲ್ಲೇ. ಒಬ್ಬರಿಗೆ ಒಂದೇ ಭಾಷೆ.

"ಆ ಹೆಣಮಗಳು ಹುಟ್ಟಾ ಜರ್ಮನ್‌ದಾಕಿ ಇದ್ದಳಲ್ರಿ ಮಾಸ್ತರ" ಅಂದೆ.

"ಅದು ಸಿಲಬಸ್ಸಿನಾಗಿಲ್ಲ" ಅಂದರು.

ಮಾಸ್ತರ ಸ್ಪ್ಯಾನಿಷ್ ಬಂದಿರುವುದು ಮೊಬೈಲಿನಿಂದ. ಅವರ ಹೆಂಡತಿಯದೂ ಅಷ್ಟೆ. ಆಕೆ ಹುಬ್ಬಳ್ಳಿಯ ಆಫೀಸಿಗೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕರೆ ಕ್ರಿಯಾಪದ ಕಲಿಯುತ್ತಾಳೆ, ನಿಂತರೆ ಇಲ್ಲ. ಇಬ್ಬರೂ ಮನೆ ಸೇರುವಷ್ಟರಲ್ಲಿ ಐದು ವರ್ಷದ ಮಗಳು ಉಂಡು ಅರ್ಧ ನಿದ್ದೆಯಲ್ಲಿರುತ್ತದೆ. ಉಳಿದ ಹೊತ್ತೆಲ್ಲ ಕೂಸು ಆಯಿಯ, ಅಂದರೆ ಮಾಸ್ತರ ಅವ್ವನ, ಕೈಯಲ್ಲಿ. ಹೀಗಾಗಿ ಮುಳುಗಿಸುವವರು ಮುಂಜಾನೆ ಅರ್ಧ ತಾಸು, ಎತ್ತುವಾಕೆ ದಿನಪೂರ್ತಿ.

ಮೊದಲ ದಿನ ಮಾಸ್ತರು ಹಲ್ಲುಜ್ಜಿ ಬಂದು ಗಟ್ಟಿಯಾಗಿ "ಓಲಾ" ಅಂದರು. ಆಯಿ ಚಾ ಸೋಸುತ್ತ, "ಆಟೋ ಕರೆಯಾಕತ್ತಿ ಏನ? ಎಲ್ಲಿಗಿ ಹೊಂಟಿ ಇಷ್ಟ ಲಗೂನ?" ಅಂತ ಕೇಳಿದಳು. ಸ್ಪ್ಯಾನಿಷಿನಲ್ಲಿ ಟೇಬಲ್ಲು ಸ್ತ್ರೀಲಿಂಗವೆಂದು ತಿಳಿದ ದಿನ ಮಗನಿಗೆ, "ಹೆಣ್ಣಾದ್ರ ಅದರ ಮ್ಯಾಲ ಕಾಲ್ಯಾಕ ಚಾಚ್ತಿ? ತಗಿ" ಅಂದಳು. ಕನ್ನಡಕ್ಕೆ ಮಾತಿಗೊಂದು ರೂಪಾಯಿ ದಂಡ ಅಂತ ಡಬ್ಬಿ ಇಟ್ಟಾಗ, ಸೊಂಟದ ಸಂಚಿಯಿಂದ ಐದುನೂರರ ನೋಟು ತೆಗೆದು ಹಾಕಿ, "ಈ ತಿಂಗಳದ್ದು ಅಡ್ವಾನ್ಸ್ ಇಟಗೊ. ಕಡಿಮಿ ಬಿದ್ರ ಹೇಳು" ಅಂದಳು. ಅಂದಿನಿಂದ ಆ ಮನೆಯಲ್ಲಿ ತೆರಿಗೆ ಕಟ್ಟಿ ಕನ್ನಡ ಆಡುವ ಏಕೈಕ ಪ್ರಜೆ ಆಕೆ. ಆಕೆಯ ಗಂಡ ಕನ್ನಡಕ್ಕಾಗಿ ನಡೆದ 1982ರ ಗೋಕಾಕ ಚಳವಳಿಯ ಮೆರವಣಿಗೆಯಲ್ಲಿ ಕೂಗಿ ಕೂಗಿ ವಾರಗಟ್ಟಲೆ ಗಂಟಲು ಕಳೆದುಕೊಂಡಿದ್ದವರು. ಗೋಡೆಯ ಮೇಲಿನ ಅವರ ಫೋಟೋಕ್ಕೂ ಒಂದು ಚೀಟಿ ಅಂಟಿದೆ.

ಮಾಸ್ತರನ್ನು ಪೂರ್ತಿ ಬೈಯಲು ನನಗೆ ಬಾಯಿ ಬರುವುದಿಲ್ಲ. ಮನೆಯೊಳಗೊಂದು, ಓಣಿಯೊಳಗೊಂದು ಭಾಷೆ ಈ ಊರಿಗೆ ಹೊಸದೇನಲ್ಲ. ಬೇಂದ್ರೆಯವರ ಮನೆಮಾತು ಮರಾಠಿ. ಓಣಿಯ ಕನ್ನಡ ಅವರ ಕೈಯಲ್ಲಿ ಏನಾಯಿತೆಂದು ಸಾಧನಕೇರಿಗೆ ಹೋದವರಿಗೆ ಹೇಳಬೇಕಿಲ್ಲ. ಜರ್ಮನಿಯ ಕಿಟೆಲ್ ಸಾಹೇಬರು ಈ ಕಡೆ ಅಡ್ಡಾಡಿ ಕನ್ನಡ ಕಲಿತು 1894ರಲ್ಲಿ ನಿಘಂಟು ಅಚ್ಚು ಹಾಕಿಸಿದರು. ಆದರೆ ಅವರಿಬ್ಬರಿಗೂ ಮಾತಾಡಲು ಎದುರಿಗೆ ಮಂದಿ ಇದ್ದರು. ಸಪ್ತಾಪುರದಲ್ಲಿ ಒಬ್ಬ ಸ್ಪೇನಿಗನನ್ನು ಎಲ್ಲಿಂದ ತರುವುದು? ಸ್ಪೇನ್ ಸರ್ಕಾರದ ಸೆರ್ವಾಂತೆಸ್ ಸಂಸ್ಥೆ ಇರುವುದು ದಿಲ್ಲಿಯಲ್ಲಿ. ಅವರು ಡೆಲೆ ಎಂಬ ಪರೀಕ್ಷೆ ನಡೆಸುತ್ತಾರೆ, ಅದರಲ್ಲಿ ಸಾಲಿ ಮಕ್ಕಳಿಗೇ ಬೇರೆ ಪರೀಕ್ಷೆ ಉಂಟು ಅಂದಾಗ ಮಾಸ್ತರ ಕಣ್ಣು ಮಿಂಚಿದವು. "ನೆಗೆಟಿವ್ ಮಾರ್ಕಿಂಗ್ ಐತೇನ್ರಿ?"

ಕೂಸು ಮಾತ್ರ ನಿಜವಾಗಿಯೂ ಮುಳುಗಿ ಕಲಿತಿತ್ತು, ಮಾಳಿಗೆ ಮೇಲೆ. ಅಲ್ಲಿ ಬಾಡಿಗೆಗಿರುವ ನಾಲ್ವರು ಹುಡುಗರು ಯಾದಗಿರಿ, ವಿಜಯಪುರದ ಕಡೆಯವರು. ಓದಿ ಬೇಸತ್ತಾಗ ಇದನ್ನು ಕರೆದು ಶೇಂಗಾ ಕೊಟ್ಟು ಕೂರಿಸಿಕೊಳ್ಳುತ್ತಾರೆ. ಚೀಟಿಯಿಲ್ಲ, ದಂಡವಿಲ್ಲ. ಒಂದು ಸಂಜೆ ಮಾಸ್ತರು ಹಾಲಿನ ಲೋಟ ಹಿಡಿದು "ಲೇಚೆ, ಲೇಚೆ" ಅನ್ನುತ್ತಿದ್ದರೆ ಕೂಸು ಅವರನ್ನೇ ನೋಡಿ, "ಅಪ್ಪಾ, ನಿಂದು ಏಜ್ ಬಾರ್ ಆಗೇತೇನು?" ಅಂತ ಕೇಳಿತು. ನೋಟಿಫಿಕೇಶನ್, ಕಟಾಫ್, ಕೀ ಆನ್ಸರ್, ತಾತ್ಕಾಲಿಕ ಆಯ್ಕೆ ಪಟ್ಟಿ, ಎಲ್ಲ ಅದರ ಬಾಯಲ್ಲಿ ನೀರು ಕುಡಿದಷ್ಟು ಸಲೀಸು. ಚೌಕಾಬಾರದಲ್ಲಿ ಸೋತರೆ "ಕೋರ್ಟಿಗೆ ಹೋಕ್ಕೀನಿ" ಅನ್ನುತ್ತದೆ.

ಕಳೆದ ದೀಪಾವಳಿಗೆ ಟೆಕ್ಸಾಸಿನಿಂದ ವಿಡಿಯೋ ಕಾಲ್ ಬಂತು. ಮಾಸ್ತರು ನೆರೆಯವರನ್ನೆಲ್ಲ ಕರೆದಿದ್ದರು, ನಾನೂ ಹೋಗಿದ್ದೆ. ಅಳಿಯ ಎಂಟು ವರ್ಷದವನು. "ಮಾತಾಡೋ, ಸ್ಪ್ಯಾನಿಷಿನಾಗ ಮಾತಾಡು, ನಮ್ಮ ಪುಟ್ಟಿನೂ ಮಾತಾಡ್ತಾಳ" ಅಂದರು. ಹುಡುಗ ಅರಳು ಹುರಿದಂತೆ ಅರ್ಧ ನಿಮಿಷ ಸ್ಪ್ಯಾನಿಷ್ ಸುರಿದ. ಪುಟ್ಟಿ ಆಯಿಯ ಸೆರಗಿನ ಹಿಂದೆ ಸರಿಯಿತು. ಮಾಸ್ತರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಆಗ ಹುಡುಗನೇ, "ಮಾಮಾ, ನಿಮ್ಮ ಮನ್ಯಾಗ ಕನ್ನಡ ಇಲ್ಲೇನು? ನಮ್ಮ ಮಮ್ಮಿ ಮನ್ಯಾಗ ಕನ್ನಡ ಅಷ್ಟ ಮಾತಾಡ್ಬೇಕಂತ ರೂಲ್ ಮಾಡ್ಯಾಳ. ಇಂಗ್ಲಿಷ್ ಮಾತಾಡಿದ್ರ ಒಂದ್ ಡಾಲರ್ ಫೈನ್" ಅಂದ.

ಆಯಿ ಮಗನ ಮುಖ ನೋಡಿದಳು, ಆಮೇಲೆ ಫೋನಿನೊಳಗಿನ ಮಗಳ ಮುಖ. "ದಂಡದ ಚಟ ಇಬ್ಬರಿಗೂ ನಿಮ್ಮಪ್ಪನಿಂದ ಬಂದದ್ದು" ಅಂದಳು.

ಕನ್ನಡ ಕಿವಿಗೆ ಬಿದ್ದದ್ದೇ ಪುಟ್ಟಿ ಸೆರಗು ಬಿಟ್ಟು ಹೊರಬಂದಿತು. ಮೊಬೈಲು ಕಸಿದುಕೊಂಡು, "ಬಾ, ಅಣ್ಣಾಗೋಳ್ನ ತೋರಸ್ತೀನಿ" ಅಂತ ಮಾಳಿಗೆ ಹತ್ತಿತು. ಹಿಂದೆ ನಾವೂ ಹತ್ತಿದೆವು. ಯಾದಗಿರಿಯ ಹುಡುಗ ಪುಸ್ತಕ ಮಡಚಿ, ಎದ್ದು ಕೂತು, ಪರದೆಯೊಳಗಿನ ಎಂಟು ವರ್ಷದವನನ್ನು ಬಹಳ ಗೌರವದಿಂದ ಕೇಳಿದ:

"ತಮ್ಮಾ, ನಿಮ್ಮ ಕಡಿ ಗ್ರೂಪ್ ಸಿ ಯಾವಾಗ ಕರೀತಾರ?"

ಹುಡುಗ ಹಿಂದೆ ತಿರುಗಿ ಕೂಗಿದ: "ಮಮ್ಮೀ, ಗ್ರೂಪ್ ಸಿ ಯಾವಾಗ ಕರೀತಾರ ಅಂತ!"