ಗೋಡೆಗೆ ಅಂಟಿಕೊಂಡವನ ಗೋಳು

ಕಾಮಗಾರಿ ಸ್ಥಳದ ತಗಡಿನ ಶೆಡ್ಡು. ಗೋಡೆಯ ಮೇಲೆ ದೇವರ ಪಟ, ಪಕ್ಕದಲ್ಲೇ ಬಾರ್ ಚಾರ್ಟ್ ರಾಯರು. ದೇವರಿಗಾದರೂ ದಿನಾ ಹೂವಿದೆ. ರಾಯರಿಗೆ ಬರೀ ಸಿಮೆಂಟ್ ಧೂಳು.

ನಮಸ್ಕಾರ ರಾಯರೇ. ತಮ್ಮ ಮೂಲ?

ಅಮೆರಿಕ. 1910ರ ದಶಕದಲ್ಲಿ ಹೆನ್ರಿ ಗ್ಯಾಂಟ್ ಎಂಬ ಎಂಜಿನಿಯರ್ ನಮ್ಮನ್ನು ಚಾಲ್ತಿಗೆ ತಂದರು. ಯಾವ ಕೆಲಸ ಎಂದು ಶುರು, ಎಂದು ಮುಗಿತಾಯ ಅಂತ ಗೆರೆ ಎಳೆದು ತೋರಿಸೋದು ನಮ್ಮ ಕಸುಬು.

ಕಸುಬು ಹೇಗೆ ನಡೀತಿದೆ?

ಟೆಂಡರ್ ದಿನ ನಾನೇ ಮದುಮಗ. ಬಣ್ಣದ ಪ್ರಿಂಟು, ಲ್ಯಾಮಿನೇಷನ್! ಗುದ್ದಲಿ ಪೂಜೆ ಮುಗಿದ ಮೇಲೆ ನನ್ನ ಮೊಳೆಗೆ ಹೆಲ್ಮೆಟ್ ತೂಗುಹಾಕುತ್ತಾರೆ. ಇಲ್ಲಿ ನಿಜವಾದ ವೇಳಾಪಟ್ಟಿ ಇರೋದು ಮೇಸ್ತ್ರಿಯ ಜೇಬಿನ ಡೈರಿಯಲ್ಲಿ. ನನ್ನನ್ನು ತಯಾರಿಸುವಾಗ ಅವನನ್ನು ಯಾರೂ ಕೇಳಲಿಲ್ಲ. ಈಗ ಅವನು ನನ್ನನ್ನು ಕೇಳುವುದಿಲ್ಲ.

ಹಾಗಾದರೆ ಯೋಜನೆ ಅನ್ನೋದೇ ದಂಡ?

ಯಾರು ಹೇಳಿದ್ದು? (ಧೂಳು ಕೊಡವಿಕೊಂಡು) ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 102 ಅಂತಸ್ತು. 1930ರ ಮಾರ್ಚ್‌ನಲ್ಲಿ ಶುರುವಾಗಿ 1931ರ ಮೇ 1ಕ್ಕೆ ಉದ್ಘಾಟನೆ. ಯಾವ ಉಕ್ಕಿನ ತೊಲೆ ಯಾವ ಹೊತ್ತಿಗೆ ಬರಬೇಕೆಂದು ಮೊದಲೇ ಲೆಕ್ಕ ಹಾಕಿದ್ದರು. ಸಾಮಾನು ಸಾಗಿಸಲು ಅಂತಸ್ತುಗಳಲ್ಲಿ ಪುಟ್ಟ ಹಳಿಗಳನ್ನೇ ಹಾಸಿದ್ದರು. ಇತ್ತ ಸಿಡ್ನಿಯ ಒಪೇರಾ ಹೌಸ್ ನೋಡಿ. ಚಾವಣಿ ಕಟ್ಟೋದು ಹೇಗೆಂದು ತೀರ್ಮಾನವಾಗುವ ಮೊದಲೇ 1959ರಲ್ಲಿ ಕೆಲಸ ಆರಂಭಿಸಿದರು. 1963ಕ್ಕೆ ಮುಗಿಯಬೇಕಿದ್ದದ್ದು ಬಾಗಿಲು ತೆರೆದದ್ದು 1973ರಲ್ಲಿ. 70 ಲಕ್ಷ ಡಾಲರಿನ ಅಂದಾಜು 10 ಕೋಟಿ ದಾಟಿತ್ತು.

ಅಷ್ಟು ದೂರ ಯಾಕೆ? ನಮ್ಮ ಬೆಂಗಳೂರಿನ ಈಜಿಪುರ...

ಆ ಹೆಸರು ಎತ್ತಬೇಡಿ ಸ್ವಾಮಿ! ಎರಡೂವರೆ ಕಿಲೋಮೀಟರ್ ಮೇಲ್ಸೇತುವೆ. 2017ರಲ್ಲಿ ಶುರು, 2019ಕ್ಕೆ ಪೂರ್ಣ ಎಂದು ನನ್ನ ಅಣ್ಣನ ಮೈಮೇಲೆ ಬರೆದಿದ್ದರು. 2022ರಲ್ಲಿ ಗುತ್ತಿಗೆಯೇ ರದ್ದಾಯಿತು, 2023ರಲ್ಲಿ ಬೇರೆಯವರ ಕೈಗೆ ಹೋಯಿತು. ಬೇಕಾದ ಜಾಗವೆಲ್ಲ ಕೈಸೇರುವ ಮೊದಲೇ ಕಂಬ ಎಬ್ಬಿಸಿದರೆ ಗೆರೆ ಏನು ಮಾಡೀತು?

ತಡವಾದಾಗ ನಿಮ್ಮ ಗತಿ?

ನನ್ನನ್ನೇ ಎಳೆದು ಉದ್ದ ಮಾಡುತ್ತಾರೆ. ಕಾಲಾವಧಿ ವಿಸ್ತರಣೆಗೆ ಅರ್ಜಿ, ಕಾರಣ, ಮಳೆ. ಜೂನ್‌ನಲ್ಲಿ ಮಳೆ ಬರುತ್ತದೆ ಅನ್ನೋದು ಅವರಿಗೆ ಪ್ರತಿವರ್ಷವೂ ಹೊಸ ಸುದ್ದಿ! ಇಲ್ಲವೇ, ಉಳಿದ ಗೆರೆಗಳನ್ನು ಅದುಮಿ ಗಿಡ್ಡ ಮಾಡುತ್ತಾರೆ. ಕಾಂಕ್ರೀಟಿನ ಬಲವನ್ನು 28ನೇ ದಿನ ಪರೀಕ್ಷಿಸೋದು ನಿಯಮ. ಮಂತ್ರಿಗಳು ರಿಬ್ಬನ್ ಕತ್ತರಿಸಲು ಬರುತ್ತಾರೆಂದು ಅದು ಬೇಗ ಗಟ್ಟಿಯಾಗುತ್ತದೆಯೇ?

ಓದುಗರಿಗೆ ಏನಾದರೂ?

ಮನೆ ಕಟ್ಟಿಸುವವರಿದ್ದರೆ ಕೇಳಿ. ನಕ್ಷೆ ಮುಗಿಯುವ ತನಕ ಪಾಯ ತೋಡಿಸಬೇಡಿ. ಗೆರೆ ಎಳೆಯುವ ದಿನ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಮೇಲೆ ವಾರಕ್ಕೊಮ್ಮೆಯಾದರೂ ನನ್ನನ್ನು ತಿದ್ದಿ, ಪೆನ್ಸಿಲಿನಲ್ಲಿ.