ಕನ್ನಡದೊಳಗೊಂದು ಪೌಂಡು

ನಮ್ಮ ನವನಗರ ಹುಬ್ಬಳ್ಳಿಯೋ ಧಾರವಾಡವೋ ಎಂಬ ಅನುಮಾನ ಇದ್ದದ್ದೇ. ನನ್ನ ಕಂಪ್ಯೂಟರಿಗೆ ಅದಕ್ಕಿಂತ ದೊಡ್ಡ ಅನುಮಾನ: ಇದು ಕನ್ನಡವೋ, ಫ್ರೆಂಚೋ? ಓಣಿಯ ಭಜನಾ ಮಂಡಳಿಯವರು “ಹಾಡಿಗೆ ಸ್ವರ ಹಾಕಿ ಪ್ರಿಂಟ್ ತಗದು ಕೊಡ್ರೀ” ಅಂದಿದ್ದರು. ಸಂಗೀತದಲ್ಲಿ ನನ್ನ ಪಾಂಡಿತ್ಯ ಚಪ್ಪಾಳೆಯವರೆಗೆ ಮಾತ್ರ. ಆದರೂ ಸ್ವರಲಿಪಿ ಬರೆಯುವ ಲಿಲಿಪಾಂಡ್ ಎಂಬ ತಂತ್ರಾಂಶ ಇಳಿಸಿಕೊಂಡೆ.

ಹಾಡು ಇದ್ದದ್ದು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಅಲ್ಲಿ ಕನ್ನಡದ ಆಕಾರಗಳು ರೋಮನ್ ಅಕ್ಷರಗಳ ಖೋಲಿಗಳಲ್ಲಿ ಬಾಡಿಗೆಗಿರುತ್ತವೆ. ಫಾಂಟು ಎದ್ದು ಹೋದರೆ ಮೂಲ ಮಾಲೀಕರೇ ಬಾಗಿಲು ತೆಗೆಯುತ್ತಾರೆ. ‘ಕನ್ನಡ’ ಅಂತ ಲಿಲಿಪಾಂಡಿನಲ್ಲಿ ಅಂಟಿಸಿದರೆ ಮೂಡಿದ್ದು: ಒಂದು ಪಿ, ತಲೆಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷರ ಪೌಂಡು, ಮತ್ತೊಂದು ಗೆರೆಹೊತ್ತ ಎ... ನ-ಒತ್ತಿನ ಜಾಗದಲ್ಲಂತೂ ಸಾಕ್ಷಾತ್ ಜರ್ಮನ್ನರ ಜೋಡಿ ಎಸ್!

“ಇದ್ಯಾವ ದೇವರ ಭಜನೀರಿ?” ಅಂದಳು ಮನೆಯಾಕೆ.

ಯೂನಿಕೋಡಿಗೆ ಬದಲಾಯಿಸಿದ ಮೇಲೆ ಯುರೋಪು ಖಾಲಿಯಾಯಿತು, ಒತ್ತಕ್ಷರದ ರಗಳೆ ಶುರುವಾಯಿತು. ಲಿಲಿಪಾಂಡಿನಲ್ಲಿ ಪದ ಒಡೆದು ಸ್ವರಗಳ ಕೆಳಗೆ ಹಂಚಿ, ನಡುವೆ ಜೋಡಿ ಅಡ್ಡಗೆರೆ ಹಾಕಬೇಕು. ಅಮ್ಮನನ್ನು ಬಾಯಿ ‘ಅಮ್-ಮ’ ಎಂದು ಒಡೆಯುತ್ತದೆ, ಬರಹ ‘ಅ-ಮ್ಮ’ ಎನ್ನುತ್ತದೆ. ರಾಗ ಎಳೆಯುವ ಉತ್ಸಾಹದಲ್ಲಿ ಕೊಂಬನ್ನು ಬೇರೆ ಸ್ವರದ ಕೆಳಗೆ ಕೂರಿಸಿದಿರೋ, ಅದು ಚುಕ್ಕಿಗಳ ವೃತ್ತವೊಂದನ್ನು ಕಟ್ಟಿಕೊಂಡೇ ಬರುತ್ತದೆ.

ಮಂಡಳಿಯ ಹಿರಿಯರು ಪ್ರಿಂಟಿನಲ್ಲಿ ಉಳಿದಿದ್ದ ಅಂಥ ವೃತ್ತವೊಂದಕ್ಕೆ ಬೆರಳಿಟ್ಟು, “ಇಲ್ಲಿ ತಾಳ ಬಡೀಬೇಕೇನ್ರಿ?” ಅಂದರು. ಹೌದ್ರಿ ಅಂದುಬಿಟ್ಟೆ. ಶನಿವಾರ ಎಲ್ಲರೂ ಸರಿಯಾಗಿ ಅಲ್ಲೇ ಬಡಿದರು. ಚೊಲೋನೇ ಕೇಳಿಸ್ತು.